ಪಾತಾಳದಲ್ಲಿ ಸಿಕ್ಕ ಆಕಾಶದ ಸುದ್ದಿ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮದರಾಸಿನ ಮುಖ್ಯ ಹಾದಿಯನ್ನು ಬಿಟ್ಟು ಒಂದು ಕವಲು ರೈಲುಹಾದಿ ಪಕ್ಕಕ್ಕೆ ಹೊರಳುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂನಲ್ಲಿ ನಿಂತುಬಿಡುತ್ತದೆ. ಒಟ್ಟು ಹತ್ತು ಮೈಲಿಯ ದಾರಿ. ಒಂದು ಕಾಲಕ್ಕೆ ಗಣಿಗೆ ಜನರನ್ನೂ ಯಂತ್ರಗಳನ್ನೂ ಹೊತ್ತು ತರುತ್ತಿದ್ದ ಈ ಹಾದಿ, ಇಂದು ನಸುಕಿನಲ್ಲೇ ಕೆಜಿಎಫ್‌ನ ದುಡಿಯುವವರನ್ನು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಒಯ್ದು ರಾತ್ರಿ ಮರಳಿ ತಂದು ಬಿಡುತ್ತದೆ.

ಆ ರೈಲಿನಲ್ಲಿ ಕೂತವರನ್ನು ಕೆಜಿಎಫ್ ಎಂದರೇನು ಎಂದು ಕೇಳಿ ನೋಡಿ. ಹಿರಿಯರು ಚಿನ್ನ ಎನ್ನುತ್ತಾರೆ, ಸೈನೈಡ್ ದಿಬ್ಬಗಳತ್ತ ಕೈ ತೋರಿಸುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದನ್ನು ಮನೆಯಲ್ಲಿ ಸಾವಾದ ದಿನವನ್ನು ನೆನೆವಂತೆ ನೆನೆಯುತ್ತಾರೆ. ಹುಡುಗರು ಸಿನಿಮಾದ ಹೆಸರು ಹೇಳುತ್ತಾರೆ. ಬೆಂಗಳೂರಿನವರಿಗಂತೂ ಬಂಗಾರಪೇಟೆ ಎಂದರೆ ಬಣ್ಣವಿಲ್ಲದ ನೀರಿನ ಪಾನಿಪುರಿ. ಆದರೆ, "ಇದೇ ಊರಿನ ನೆಲದಾಳದಲ್ಲಿ ಕೂತು 1965ರಲ್ಲಿ ಆಕಾಶದ ಒಂದು ಸುದ್ದಿಯನ್ನು ಹಿಡಿದರು, ಜಗತ್ತಿನಲ್ಲಿ ಅದನ್ನು ಹಿಡಿದವರು ಆಗ ಇಬ್ಬರೇ" ಎಂದು ಹೇಳುವವರು ಸಿಕ್ಕರೆ ಅದು ನಿಮ್ಮ ಅದೃಷ್ಟ.

ಆಕಾಶದ ಸುದ್ದಿಯನ್ನು ಜನರ ಮಾತಿನಲ್ಲಿ ಹೇಳುವ ಕೆಲಸದ ಬಗ್ಗೆ ಬರೆಯಹೊರಟವನು ಗಣಿಯಿಂದ ಆರಂಭಿಸಲು ಇದೇ ಕಾರಣ. ಹೇಳುವವರಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ನಡೆದದ್ದೇನು ಎಂದು ನೋಡೋಣ. ಬಾಹ್ಯಾಕಾಶದಿಂದ ಹಗಲು ರಾತ್ರಿ ವಿಶ್ವಕಿರಣಗಳು ಭೂಮಿಯ ಮೇಲೆ ಸುರಿಯುತ್ತಿರುತ್ತವೆ. ಕಿರಣ ಎಂಬುದು ರೂಢಿಯ ಹೆಸರಷ್ಟೇ, ಅವು ಬಹುಪಾಲು ಅತಿ ವೇಗದ ಪ್ರೋಟಾನ್‌ಗಳು. ವಾತಾವರಣದ ಮೇಲ್ಪದರದಲ್ಲಿ ಗಾಳಿಯ ಪರಮಾಣುಗಳಿಗೆ ಅವು ಬಡಿದಾಗ ಒಂದು ಕಣ ಹಲವಾಗಿ ಸಿಡಿಯುತ್ತದೆ. ಆ ಸಿಡಿತದಲ್ಲಿ ಹುಟ್ಟುವ ಮರಿಗಳಲ್ಲಿ ಎರಡು ಬಗೆಯವು ನಮಗೆ ಮುಖ್ಯ. ಒಂದು ಮ್ಯೂಆನ್, ಇನ್ನೊಂದು ನ್ಯೂಟ್ರಿನೋ. ನೀವು ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಒಂದೆರಡು ಮ್ಯೂಆನ್‌ಗಳು ಅದನ್ನು ತೂರಿ ಹೋಗುತ್ತವೆ. ಮನೆಯೊಳಗೆ ಕೂತರೂ ತಪ್ಪಿದ್ದಲ್ಲ. ಛಾವಣಿಯಂತೂ ಸರಿ, ನೂರಾರು ಮೀಟರ್ ಬಂಡೆಯನ್ನೂ ಅವು ತೂರಬಲ್ಲವು. ಆದರೆ ಅವಕ್ಕೂ ದಣಿವುಂಟು. ಆಳಕ್ಕಿಳಿದಷ್ಟೂ ಎಣಿಕೆ ಇಳಿಯುತ್ತ ಹೋಗುತ್ತದೆ.

ಎಷ್ಟು ಆಳಕ್ಕೆ ಎಷ್ಟು ಇಳಿಯುತ್ತದೆ? ಇದನ್ನು ಅಳೆಯಲು ಬಾವಿ ಸಾಲದು. ಜಗತ್ತಿನಲ್ಲೇ ಅತ್ಯಂತ ಆಳದ ಗಣಿಗಳಲ್ಲಿ ಒಂದಾದ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದಿತ್ತು. ಹೋಮಿ ಭಾಭಾ ಅವರ ಸೂಚನೆಯಂತೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ 1951ರಲ್ಲಿ ಉಪಕರಣ ಹೊತ್ತು ಇಲ್ಲಿಗೆ ಬಂದ ತರುಣನ ಹೆಸರು ಬಿ.ವಿ.ಶ್ರೀಕಂಠನ್. ನಂಜನಗೂಡಿನಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. 2019ರಲ್ಲಿ, ತೊಂಬತ್ನಾಲ್ಕರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಗಣಿ ಕಾರ್ಮಿಕರೊಡನೆ ಕೇಜಿನಲ್ಲಿ ಇಳಿದು, ಬಿಸಿ ಬಂಡೆಯ ನಡುವೆ, ಯಾವಾಗ ಬಂಡೆ ಸಿಡಿಯುತ್ತದೋ ಎಂಬ ಭಯದ ಜಾಗದಲ್ಲಿ ಕಣಗಳನ್ನು ಎಣಿಸುತ್ತ ಕೂರುವುದು ಅವರ ಕೆಲಸವಾಗಿತ್ತು.

1960ರ ದಶಕದ ಆರಂಭದ ಹೊತ್ತಿಗೆ ಎಣಿಕೆ ಇನ್ನೂ ಆಳಕ್ಕೆ ಇಳಿಯಿತು. ಕೊನೆಯ ಹಂತದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಬರಲಿಲ್ಲ. ಸಾಮಾನ್ಯರಿಗೆ ಇದು ಸೋಲು. ವಿಜ್ಞಾನಿಗಳಿಗೆ ಇದೇ ಬೇಕಿತ್ತು. ಯಾಕೆಂದರೆ ಎಲ್ಲ ಸದ್ದೂ ಅಡಗಿದ ಮನೆಯಲ್ಲಿ ಮಾತ್ರ ಇಲಿಯ ಹೆಜ್ಜೆ ಕೇಳುತ್ತದೆ.

ಈ ಕಥೆಯ ಇಲಿ ನ್ಯೂಟ್ರಿನೋ. ಇಟಲಿಯ ಮಾತಿನಲ್ಲಿ ಅದರ ಅರ್ಥ 'ಪುಟ್ಟ ತಟಸ್ಥ' ಎಂದು. (ಕನ್ನಡದಲ್ಲಿ 'ತಟಸ್ಥ ಮರಿ' ಎಂದಿದ್ದರೆ ಚೆನ್ನಾಗಿತ್ತು, ಯಾರೂ ಹಾಗೆ ಕರೆಯಲಿಲ್ಲ.) ಹೆಸರಿಗೆ ತಕ್ಕಂತೆ ಅದು ಯಾರ ತಂಟೆಗೂ ಹೋಗುವುದಿಲ್ಲ. ಸೂರ್ಯನಿಂದಲೇ ನಿಮ್ಮ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋಗಳು ಹಾದುಹೋಗುತ್ತಿವೆ, ನಿಮಗೆ ಅದರ ಅರಿವೂ ಇಲ್ಲ. ಇಡೀ ಭೂಮಿ ಅವಕ್ಕೆ ಕನ್ನಡಿ ಗಾಜಿನಂತೆ. ಎಲ್ಲೋ ಅಪರೂಪಕ್ಕೆ ಒಂದು ಎಡವಿ ಪರಮಾಣುವಿಗೆ ಡಿಕ್ಕಿ ಹೊಡೆದರೆ ಅಲ್ಲೊಂದು ಮ್ಯೂಆನ್ ಹುಟ್ಟುತ್ತದೆ. ನೆಲದ ಮೇಲೆ ಇಂಥ ಒಂದನ್ನು ಹುಡುಕುವುದು ಕರಗದ ಗದ್ದಲದಲ್ಲಿ ಒಬ್ಬನ ಪಿಸುಮಾತು ಕೇಳಲು ಹೋದಂತೆ. ಮೇಲಿನ ಮ್ಯೂಆನ್‌ಗಳೆಲ್ಲ ಬಂಡೆಯಲ್ಲಿ ಸೋಸಿಹೋದ ಆಳದಲ್ಲಾದರೆ, ಒಂದು ಮ್ಯೂಆನ್ ಅಡ್ಡಡ್ಡಲಾಗಿ ಹಾದು ಬಂದರೂ ಸಾಕು. ಅಡ್ಡ ದಿಕ್ಕಿನಲ್ಲಿ ಬಂಡೆಯ ದಪ್ಪ ಇನ್ನೂ ಎಷ್ಟೋ ಪಟ್ಟು ಹೆಚ್ಚು. ಅದನ್ನು ತೂರಿ ಬರುವ ತಾಕತ್ತು ಮೇಲಿನ ಯಾವ ಮ್ಯೂಆನಿಗೂ ಇಲ್ಲ. ಅಂದರೆ ಅದು ಪಕ್ಕದ ಬಂಡೆಯಲ್ಲೇ ಆಗಷ್ಟೇ ಹುಟ್ಟಿದ್ದು. ಹುಟ್ಟಿಸಿದ್ದು ನ್ಯೂಟ್ರಿನೋ.

ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಷಾಫ್ಟ್‌ನಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯದವರ ಜೊತೆ ಸೇರಿ ಗೋಡೆಯಂತೆ ನಿಂತ ಉಪಕರಣಗಳನ್ನು ಹೂಡಿದರು. ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳು, ನಡುವೆ ಸಾಲು ಸಾಲು ನಿಯಾನ್ ಕೊಳವೆಗಳು. ಎಲ್ಲವನ್ನೂ ಗಣಿಯ ಕೇಜಿಗೆ ಹಿಡಿಸುವ ಅಳತೆಗೆ ತಂದು ತುಂಡು ತುಂಡಾಗಿ ಇಳಿಸಬೇಕು. 1965ರಲ್ಲಿ ಆ ಗೋಡೆಗಳಲ್ಲಿ ಅಡ್ಡಡ್ಡ ಗೆರೆಗಳು ಮೂಡಿದವು, ಬೆರಳೆಣಿಕೆಯಷ್ಟು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋವನ್ನು ಮನುಷ್ಯ ಹಿಡಿದಿದ್ದ.

ಅದೇ ವರ್ಷ ಇನ್ನೊಂದು ಚಿನ್ನದ ಗಣಿಯಲ್ಲಿ, ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಸಮೀಪ, ಅಮೆರಿಕದ ಫ್ರೆಡರಿಕ್ ರೈನ್ಸ್ ತಂಡವೂ ಇದೇ ಬೇಟೆಯಲ್ಲಿತ್ತು. ಅವರಿಗೆ ಗೆರೆ ಮೊದಲು ಕಂಡಿತು, ಫೆಬ್ರವರಿಯಲ್ಲೇ. ಆದರೆ ಕೆಜಿಎಫ್‌ನವರು ತಮ್ಮ ಲೇಖನವನ್ನು ಜುಲೈ ತಿಂಗಳಲ್ಲಿ ಎರಡು ವಾರ ಮೊದಲು ಕಳಿಸಿದರು, ಅದೇ ಮೊದಲು ಅಚ್ಚಾಯಿತು. ಕಂಡವರು ಒಬ್ಬರು ಮೊದಲು, ಹೇಳಿದವರು ಇನ್ನೊಬ್ಬರು ಮೊದಲು. ವಿಜ್ಞಾನದ ಚರಿತ್ರೆ ಇಬ್ಬರ ಹೆಸರನ್ನೂ ಬರೆದುಕೊಂಡಿದೆ. ಪ್ರಯೋಗಶಾಲೆಯಲ್ಲಿ ಕಂಡದ್ದು ಹೇಳುವ ತನಕ ಕಂಡಂತಾಗುವುದಿಲ್ಲ. ಪತ್ರಿಕೆಯವರಿಗೆ ಚೆನ್ನಾಗಿ ಗೊತ್ತಿರುವ ಈ ನಿಯಮ ವಿಜ್ಞಾನಿಗಳಿಗೂ ಅಷ್ಟೇ ಗೊತ್ತು.

ಆದರೆ ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ಪರಿಣತರು ಮಾತ್ರ ಓದುವ ಐರೋಪ್ಯ ಪತ್ರಿಕೆಯಲ್ಲಿ. ಅದು ತಪ್ಪಲ್ಲ, ಅವರ ವೃತ್ತಿಯ ರೀತಿ. ಆ ಸುದ್ದಿ ಅಲ್ಲಿಂದ ಮಾರಿಕುಪ್ಪಂನ ಲೈನ್ ಮನೆಗಳಿಗೆ ಬರಲು ಇನ್ನೂ ಕೆಲವು ಮೆಟ್ಟಿಲು ಬೇಕಿತ್ತು. ಕೇಜಿನಲ್ಲಿ ಪಕ್ಕದಲ್ಲೇ ನಿಂತು ಇಳಿದವನು ತಮಿಳು ಆಡುವವನು, ಬಂಗಾರಪೇಟೆಯ ಸಂತೆಗೆ ಬಂದವನು ತೆಲುಗು ಕನ್ನಡ ಬೆರೆಸುವವನು. ಇಬ್ಬರಿಗೂ ನ್ಯೂಟ್ರಿನೋ ಗೊತ್ತಿಲ್ಲ. ಆ ಆಗಸ್ಟ್ ಹೊತ್ತಿಗೆ ಪಾಕಿಸ್ತಾನದ ಗಡಿಯಲ್ಲಿ ಯುದ್ಧ ಹತ್ತಿತ್ತು, ಅಕ್ಕಿ ಗೋಧಿಯ ಚಿಂತೆ ಬೇರೆ. ಅಡ್ಡಡ್ಡ ಹಾದ ಕಣದ ಸುದ್ದಿಗೆ ಯಾರ ಮನಸ್ಸಿನಲ್ಲಿ ಜಾಗ?

ಹಾಗಾದರೆ ಆಗ ಕನ್ನಡದಲ್ಲಿ ಹೇಳಬಲ್ಲವರೇ ಇರಲಿಲ್ಲವೆ? ಇದ್ದರು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದ್ದರು. ಎರಡು ವರ್ಷ ನಡೆದು ನಿಂತಿತು. ಆಮೇಲೆ ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗೆ 'ಬಾಲ ಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಬರೆದರು. ಒಂದು ಸಂಸ್ಥೆ ಮಾಡಬೇಕಾದ ಕೆಲಸವನ್ನು ಒಬ್ಬ ಕಾದಂಬರಿಕಾರ ಮಾಡಿದ್ದು ನಮ್ಮ ಹೆಮ್ಮೆಯೂ ಹೌದು, ನಾಚಿಕೆಯೂ ಹೌದು.

ಆದರೆ ಇಡೀ ಬದುಕನ್ನು ಆಕಾಶಕ್ಕೆ ಮೀಸಲಿಟ್ಟು ಕನ್ನಡದಲ್ಲಿ ಬರೆದವರೆಂದರೆ ನೆನಪಾಗುವವರು ಜಿ.ಟಿ.ನಾರಾಯಣ ರಾವ್. 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು, ಗಣಿತದ ಮೇಷ್ಟರಾದರು, ಎನ್‌ಸಿಸಿ ಅಧಿಕಾರಿಯಾದರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ ವಿಜ್ಞಾನ ಸಂಪಾದಕರಾಗಿ ಬಂದರು. ವಿಶ್ವಕೋಶ ಎಂದರೆ ತಮಾಷೆಯಲ್ಲ. ಅಲ್ಲಿ ಯಾವ ಮಾತನ್ನೂ 'ಇಂಗ್ಲಿಷಿನಲ್ಲಿ ನೋಡಿಕೊಳ್ಳಿ' ಎಂದು ತಳ್ಳುವಂತಿಲ್ಲ. ಪ್ರತಿಯೊಂದಕ್ಕೂ ಕನ್ನಡದಲ್ಲಿ ಒಂದು ಹೆಸರು, ಆ ಹೆಸರಿನ ಕೆಳಗೆ ನಾಲ್ಕು ಸಾಲು ತಿಳಿವಳಿಕೆ ಇರಲೇಬೇಕು. ಹಗಲು ಆ ಕೆಲಸ. ರಾತ್ರಿ ಮೋಡವಿಲ್ಲದಿದ್ದರೆ ಹುಡುಗರನ್ನು ಕಟ್ಟಿಕೊಂಡು ನಕ್ಷತ್ರ ತೋರಿಸುವುದು. ನಡುವೆ ಪತ್ರಿಕೆಗಳಿಗೆ ಲೇಖನ, ಪುಸ್ತಕ, ಸಂಗೀತ ವಿಮರ್ಶೆ ಕೂಡ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಜೀವನವನ್ನು ಕನ್ನಡಕ್ಕೆ ತಂದರು. ಗ್ರಹಗಳ ಚಲನೆಯನ್ನು ಕರಾರುವಾಕ್ಕಾಗಿ ಹೇಳಬಲ್ಲವರಾಗಿದ್ದರಿಂದಲೇ ಗ್ರಹಗಳು ನಮ್ಮ ಹಣೆಬರಹ ಬರೆಯುತ್ತವೆ ಎಂಬ ಮಾತನ್ನು ಕೊನೆತನಕ ಕಟುವಾಗಿ ವಿರೋಧಿಸಿದರು. 2008ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಮಂಗಳೂರಿನಲ್ಲಿ ಅವರ ಮಗ ದಶಕಗಳ ಕಾಲ ನಡೆಸಿದ ಪುಸ್ತಕದಂಗಡಿಯ ಹೆಸರು ಕೂಡ ಅತ್ರಿ, ಸಪ್ತರ್ಷಿಗಳಲ್ಲಿ ಒಬ್ಬ.

ಅವರ ಕನ್ನಡ ಬಿಗಿಯಾದ ಕನ್ನಡ, ಸಂಸ್ಕೃತದ ಕಡೆ ವಾಲಿದ್ದು. ಬೆಳಕೂ ತಪ್ಪಿಸಿಕೊಳ್ಳಲಾಗದ ಆ ಕಾಯಗಳನ್ನು ಅವರು 'ಕೃಷ್ಣವಿವರ' ಎಂದರು. ಸಂಸ್ಕೃತದಲ್ಲಿ ವಿವರ ಎಂದರೆ ಬಿಲ, ರಂಧ್ರ, ಶಬ್ದ ತಕ್ಕುದೇ. ಆದರೆ ಬೆಳಗಿನ ಕಾಫಿ ಜೊತೆ ಪತ್ರಿಕೆ ಹಿಡಿದ ಓದುಗನಿಗೆ ಅದು ಶ್ರೀಕೃಷ್ಣನ ಕುರಿತ ವಿವರಗಳು ಎಂದು ಕಂಡರೆ ಅವನದೇನು ತಪ್ಪು? ಸುದ್ದಿಮನೆಗಳು ನಿಧಾನವಾಗಿ 'ಕಪ್ಪುಕುಳಿ', 'ಕಪ್ಪುರಂಧ್ರ' ಎಂದು ಬರೆಯತೊಡಗಿದವು. ವಿಶ್ವಕೋಶದ ಮೇಜಿಗೂ ಪತ್ರಿಕೆಯ ಮೇಜಿಗೂ ಇರುವ ಅಂತರ ಇದು. ಅಲ್ಲಿ ಶಬ್ದ ಸರಿಯಾಗಿರಬೇಕು. ಇಲ್ಲಿ ರಾತ್ರಿ ಹನ್ನೊಂದಕ್ಕೆ ಪುಟ ಮುಗಿಯಬೇಕು, ಶಬ್ದ ಬೆಳಗ್ಗೆ ಆರಕ್ಕೆ ಅರ್ಥವಾಗಬೇಕು. ಹಾಗೆಂದು ಪತ್ರಿಕೆಯವರದೇ ಗೆಲುವು ಎಂದು ಬೀಗುವಂತಿಲ್ಲ. 'ಜ್ಯೋತಿರ್ವರ್ಷ' ಎಂಬ ಶಬ್ದವನ್ನು ನಾವು ನೂರಾರು ಬಾರಿ ಅಚ್ಚು ಹಾಕಿದ್ದೇವೆ. ಅದು ದೂರದ ಅಳತೆ, ಕಾಲದ ಅಳತೆಯಲ್ಲ ಎಂದು ಎಷ್ಟು ಓದುಗರಿಗೆ ತಿಳಿಸಿದ್ದೇವೆ?

ಶಬ್ದಕ್ಕಿಂತ ದೊಡ್ಡ ಕಷ್ಟ ಭಯದ್ದು. 1979ರ ಜುಲೈನಲ್ಲಿ ಅಮೆರಿಕದ ಸ್ಕೈಲ್ಯಾಬ್ ಬೀಳುತ್ತದೆ ಎಂಬ ಸುದ್ದಿ ಬಂದಾಗ, ಹೇಗೂ ಸಾಯುವುದಿದೆ ಎಂದು ಕೋಳಿ ಕುರಿ ಕೊಯ್ದು ಉಂಡ ಕಥೆಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ನಗೆಯ ನಡುವೆ ಕೇಳುತ್ತವೆ. ಅದು ಬಿದ್ದದ್ದು ಆಸ್ಟ್ರೇಲಿಯದ ಪಶ್ಚಿಮದಲ್ಲಿ. ಮರುವರ್ಷ, 1980ರ ಫೆಬ್ರವರಿ 16ರಂದು, ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರ, ಅಂಕೋಲದ ಕಡೆಯಿಂದ ಒಳನಾಡಿಗೆ ಹೊಕ್ಕು ರಾಯಚೂರು ದಾಟಿ ಹೋಯಿತು. ವಿಜ್ಞಾನಿಗಳು ದೇಶವಿದೇಶಗಳಿಂದ ದೂರದರ್ಶಕ ಹೊತ್ತು ಬಂದರು. ನಮ್ಮ ಜನ ಬಾಗಿಲು ಹಾಕಿಕೊಂಡರು, ಬೀದಿಗಳು ಬಿಕೋ ಎಂದವು. ಹಾಗೆ ಮನೆಯೊಳಗೇ ಕೂತು ಅಪರೂಪದ ಆ ನೋಟ ಕಳೆದುಕೊಂಡವರ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ ಮೇಲೇರಿ ಆಗ ಐದು ವರ್ಷವಾಗುತ್ತ ಬಂದಿತ್ತು!

ಈ ಕಂದಕದ ಮೇಲೆ ಸೇತುವೆ ಹಾಕಿದವರು ಮುಂದಿನ ದಶಕಗಳಲ್ಲಿ ಹೆಚ್ಚಿದರು. 'ಬಾಲವಿಜ್ಞಾನ' ಮಾಸಿಕ ಬಂತು, ಜೆ.ಆರ್.ಲಕ್ಷ್ಮಣರಾಯರಂಥವರು ಅದನ್ನು ಬೆಳೆಸಿದರು. 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನಸುಕಿನಲ್ಲಿ ಎದ್ದು ನೋಡಿದ ಮಕ್ಕಳಿದ್ದರು. 1989ರಲ್ಲಿ ಬೆಂಗಳೂರಿಗೆ ತಾರಾಲಯ ಬಂತು, ಅಲ್ಲಿಂದ ಬಿ.ಎಸ್.ಶೈಲಜಾ ಅವರು ಕನ್ನಡದಲ್ಲಿ ಆಕಾಶದ ಬಗ್ಗೆ ಬರೆದರು, ಶಾಸನಗಳಲ್ಲಿ ಕೆತ್ತಿದ ಗ್ರಹಣಗಳನ್ನು ಹುಡುಕಿದರು. ಟಾಟಾ ಸಂಸ್ಥೆಯಲ್ಲಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡಿದ ಪಾಲಹಳ್ಳಿ ವಿಶ್ವನಾಥ್ ಅವರು ಆ ಲೋಕವನ್ನು ಕನ್ನಡದ ಪುಸ್ತಕಗಳಲ್ಲಿ ಬಿಡಿಸಿಟ್ಟರು. ಪತ್ರಿಕೆಯೊಳಗೇ ಕೂತು ಈ ಕೆಲಸವನ್ನು ವೃತ್ತಿಯಾಗಿ ಮಾಡಿದವರಲ್ಲಿ ಎದ್ದು ಕಾಣುವವರು ನಾಗೇಶ ಹೆಗಡೆ. ಶಿರಸಿ ಸೀಮೆಯಿಂದ ಬಂದು, ಭೂವಿಜ್ಞಾನ ಓದಿ, 'ಪ್ರಜಾವಾಣಿ' ಸೇರಿ, ಅಂಕಣದಲ್ಲಿ ದಶಕಗಳ ಕಾಲ ಬರೆದರು. ಅವರಿಂದ ಕಲಿಯಬೇಕಾದ ಗುಟ್ಟೆಂದರೆ ಎಲ್ಲಿಂದ ಆರಂಭಿಸುವುದು ಎಂಬುದು. ಮಂಗಳ ಗ್ರಹದ ಮಾತಿದ್ದರೂ ಅವರು ಓದುಗನ ಅಂಗಳದಿಂದ ಹೊರಡುತ್ತಾರೆ. ಮತ್ತು ಉಪಗ್ರಹ ಹಾರಿದಾಗ ಚಪ್ಪಾಳೆ ಹೊಡೆಯುವುದಷ್ಟೇ ವಿಜ್ಞಾನ ಪತ್ರಕರ್ತನ ಕೆಲಸ ಎಂದು ಅವರು ತಿಳಿದಿಲ್ಲ. ಪ್ರಶ್ನೆ ಕೇಳುವುದೂ ಕೆಲಸವೇ.

ಇದು ನಮ್ಮ ಪಾಡು ಮಾತ್ರ ಎಂದು ಕೊರಗಬೇಕಿಲ್ಲ. ಸ್ಪ್ಯಾನಿಷ್ ಆಡುವವರು ನಮ್ಮ ಹತ್ತು ಪಟ್ಟು ಇದ್ದಾರೆ, ಇಪ್ಪತ್ತು ದೇಶಗಳಲ್ಲಿ. ಆದರೂ ಆಕಾಶದ ಸುದ್ದಿ ಅವರಿಗೂ ಹೊರಗಿನಿಂದ, ಇಂಗ್ಲಿಷಿನಲ್ಲೇ ಬರುತ್ತಿತ್ತು. 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಸ್ಪೇನಿನ ದೂರದರ್ಶನಕ್ಕೆ ಅದನ್ನು ಅಮೆರಿಕದಿಂದ ಬಣ್ಣಿಸಿದವರು ಹೆಸೂಸ್ ಎರ್ಮಿದಾ ಎಂಬ ಪತ್ರಕರ್ತ. ವಿಜ್ಞಾನಿಯಲ್ಲ, ಮಾತು ಬಲ್ಲವರು. ಆ ರಾತ್ರಿ ಎದ್ದು ಕೂತ ಒಂದು ತಲೆಮಾರಿನ ಸ್ಪೇನಿನವರಿಗೆ ಚಂದ್ರ ಎಂದರೆ ಎರ್ಮಿದಾ ಅವರ ದನಿ. 2015ರಲ್ಲಿ ಅವರು ತೀರಿಕೊಂಡಾಗಲೂ ಜನ ಮೊದಲು ನೆನೆದದ್ದು ಅದನ್ನೇ. ಅಮೆರಿಕದ ನಾಸಾ ಸಂಸ್ಥೆ ಗ್ರಹವೊಂದರ ಮೇಲೆ ನೌಕೆ ಇಳಿಯುವುದನ್ನು ಸ್ಪ್ಯಾನಿಷ್‌ನಲ್ಲಿ ನೇರವಾಗಿ ಪ್ರಸಾರ ಮಾಡಿದ್ದು 2021ರ ಫೆಬ್ರವರಿಯಲ್ಲಿ, ಪರ್ಸಿವರೆನ್ಸ್ ಮಂಗಳದ ಮೇಲೆ ಇಳಿದಾಗ, ಅದೇ ಮೊದಲು. ನಡೆಸಿಕೊಟ್ಟವರು ಕೊಲಂಬಿಯದಲ್ಲಿ ಹುಟ್ಟಿದ ಇಂಜಿನಿಯರ್ ಡಯಾನಾ ತ್ರುಹಿಯೊ. ಎರ್ಮಿದಾ ಅವರಿಂದ ಅಲ್ಲಿಗೆ ಬರಲು ಅರ್ಧ ಶತಮಾನ ಹಿಡಿಯಿತು. ನಡುವಿನ ದೂರ ನೋಡಿ: ಮೊದಲಿನವರು ಬೇರೆಯವರ ಸಾಹಸವನ್ನು ತಮ್ಮ ಜನಕ್ಕೆ ಹೇಳಿದರು, ಎರಡನೆಯವರು ತಾವೂ ಕೈ ಹಾಕಿದ ಕೆಲಸವನ್ನು ತಾಯಿನುಡಿಯಲ್ಲಿ ಹೇಳಿದರು.

ನಮಗೆ ಆ ಎರಡನೆಯ ಅವಕಾಶ 1965ರಲ್ಲೇ ಇತ್ತು. ನಂಜನಗೂಡಿನವರು, ಕೋಲಾರದ ಗಣಿಯಲ್ಲಿ, ಲೋಕಕ್ಕೇ ಹೊಸತಾದುದನ್ನು ಕಂಡಿದ್ದರು.

ಹೇಳದೆ ಉಳಿದದ್ದರ ಬೆಲೆ ಮುಂದೆ ಬೇರೆ ಕಡೆ ತೆರಬೇಕಾಯಿತು. ಕೆಜಿಎಫ್‌ನಲ್ಲಿ 1980ರ ದಶಕದಲ್ಲಿ ಇನ್ನೊಂದು ದೊಡ್ಡ ಪ್ರಯೋಗ ನಡೆಯಿತು. ನೂರಾರು ಟನ್ ಕಬ್ಬಿಣವನ್ನು ಕೆಳಗಿಳಿಸಿ, ಪ್ರೋಟಾನ್ ತಾನಾಗಿ ಸಾಯುತ್ತದೆಯೇ ಎಂದು ಕಾದರು. ಕೆಲವು ಗುರುತು ಕಂಡವು ಎಂದರು, ಬೇರೆ ಕಡೆಯ ಪ್ರಯೋಗಗಳು ಒಪ್ಪಲಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. ನಷ್ಟದ ಲೆಕ್ಕ ತೋರಿಸಿ ಗಣಿಯನ್ನೂ ಮುಚ್ಚಲಾಯಿತು, ಪಂಪುಗಳು ನಿಂತವು, ನೀರು ತುಂಬಿತು. ಮತ್ತೆ ನ್ಯೂಟ್ರಿನೋ ಹಿಡಿಯಬೇಕೆಂದಾಗ ವಿಜ್ಞಾನಿಗಳು ಹೊಸ ಬೆಟ್ಟ ಹುಡುಕಬೇಕಾಯಿತು. ನೀಲಗಿರಿಯ ಸಿಂಗಾರದಲ್ಲಿ, ಮುದುಮಲೆ ಕಾಡಿನ ಪಕ್ಕ ಎಂಬ ಕಾರಣಕ್ಕೆ, ಒಪ್ಪಿಗೆ ಸಿಗಲಿಲ್ಲ. ತಮಿಳುನಾಡಿನ ಥೇಣಿ ಜಿಲ್ಲೆಯ ಪೊಟ್ಟಿಪುರಂ ಬಳಿಯ ಬೆಟ್ಟ ಆಯ್ಕೆಯಾಯಿತು. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ಊರಿನವರು ಎದ್ದು ನಿಂತರು.

ಅವರ ಆತಂಕಗಳಲ್ಲಿ ನ್ಯಾಯವಾದವು ಇದ್ದವು. ಸುರಂಗಕ್ಕೆ ಸಿಡಿಮದ್ದು, ಬೆಟ್ಟದ ನೀರು, ಪಕ್ಕದ ಕಾಡು. ಆದರೆ ಅವುಗಳ ಜೊತೆ ಇನ್ನೊಂದು ಬಗೆಯವೂ ಸೇರಿಕೊಂಡವು: ನ್ಯೂಟ್ರಿನೋ ವಿಷಕಿರಣ, ಬೆಳೆ ಸುಡುತ್ತದೆ, ಅಣು ತ್ಯಾಜ್ಯ ಹೂಳಲು ಇದೊಂದು ನೆಪ. ಸೆಕೆಂಡಿಗೆ ಕೋಟಿಗಟ್ಟಲೆ ನಮ್ಮ ಮೈಯನ್ನೇ ಹಾದುಹೋಗುವ ಕಣದ ಬಗ್ಗೆ ಈ ಭಯ! ವಿಜ್ಞಾನಿಗಳು ತಮಿಳಿನಲ್ಲಿ ಕೈಪಿಡಿ ಹಿಡಿದು ಊರೂರು ತಿರುಗುವ ಹೊತ್ತಿಗೆ ಮಾತು ಕೈ ಮೀರಿತ್ತು. ಪ್ರಕರಣ ನ್ಯಾಯಾಲಯ ಹತ್ತಿತು, 2022ರಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿನ ಮುಂದೆ ಯೋಜನೆ ಬೇಡವೆಂದಿತು. ಅಪನಂಬಿಕೆ ಒಂದೇ ಇದಕ್ಕೆ ಕಾರಣ ಎಂದರೆ ಅದು ಸುಲಭದ ತೀರ್ಪಾಗುತ್ತದೆ. ಆದರೆ ನನಗೊಂದು ಯೋಚನೆ. ಕೆಜಿಎಫ್‌ನ ಗಣಿಯಲ್ಲಿ ಈ ಪ್ರಯೋಗಗಳ ಪಕ್ಕದಲ್ಲೇ ದಿನವೂ ದುಡಿದ ಸಾವಿರಾರು ತಮಿಳು ಕುಟುಂಬಗಳಿದ್ದವು. ಅವರಿಗೆ ಯಾರಾದರೂ ಆಗಲೇ ತಿಳಿಯುವಂತೆ ಹೇಳಿದ್ದರೆ, ಪೊಟ್ಟಿಪುರಂನವರಿಗೆ ಧೈರ್ಯ ಹೇಳಲು ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. "ನಲವತ್ತು ವರ್ಷ ನಮ್ಮ ಕಾಲಡಿಯಲ್ಲೇ ಇತ್ತು, ನಮ್ಮನ್ನು ಕೊಂದದ್ದು ಬಂಡೆ ಮತ್ತು ದೂಳು, ಈ ಕಣವಲ್ಲ" ಎಂದು ಅವರು ಹೇಳಬಹುದಿತ್ತು.

ಜಪಾನಿನಲ್ಲೂ ಕಾಮಿಯೋಕಾ ಎಂಬ ಗಣಿಯೂರಿದೆ, ಸತು ಮತ್ತು ಸೀಸದ ಗಣಿ. ಅಲ್ಲೂ ಪ್ರೋಟಾನ್ ಸಾಯುತ್ತದೆಯೇ ಎಂದು ನೋಡಲು ಒಂದು ಕಿಲೋಮೀಟರ್ ಆಳದಲ್ಲಿ ನೀರಿನ ದೊಡ್ಡ ತೊಟ್ಟಿ ಕಟ್ಟಿದರು. 1987ರ ಫೆಬ್ರವರಿ 23ರಂದು ದಕ್ಷಿಣದ ಆಕಾಶದಲ್ಲಿ ಒಂದು ನಕ್ಷತ್ರ ಸ್ಫೋಟಿಸಿದ ಸುದ್ದಿಯನ್ನು ಆ ತೊಟ್ಟಿ ಹಿಡಿಯಿತು. ಸಿಕ್ಕ ನ್ಯೂಟ್ರಿನೋಗಳು ಹನ್ನೊಂದೇ, ಆದರೆ ಅವು ಸ್ಫೋಟದ ಬೆಳಕಿಗಿಂತ ಕೆಲವು ಗಂಟೆ ಮೊದಲೇ ಬಂದಿದ್ದವು. ಮಸಾತೋಶಿ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು, ಅದೇ ಗಣಿಯ ಇನ್ನೂ ದೊಡ್ಡ ತೊಟ್ಟಿಯ ಕೆಲಸಕ್ಕೆ 2015ರಲ್ಲಿ ತಕಾಕಿ ಕಾಜಿತಾ ಅವರಿಗೆ ಬಂತು. ಕಾಮಿಯೋಕಾದಲ್ಲಿ ಅದಿರು ತೆಗೆಯುವುದು ನಿಂತದ್ದೂ 2001ರಲ್ಲೇ, ನಮ್ಮ ಗಣಿ ಮುಚ್ಚಿದ ವರ್ಷವೇ. ಅಲ್ಲಿ ತೊಟ್ಟಿ ಉಳಿಯಿತು. ಇಂದು ಆ ಊರಿನ ಹೆದ್ದಾರಿ ಬದಿಯ ತಂಗುದಾಣದಲ್ಲಿ, ಊಟ ತಿಂಡಿಯ ಅಂಗಡಿಗಳ ಪಕ್ಕದಲ್ಲೇ, ನ್ಯೂಟ್ರಿನೋ ಎಂದರೇನೆಂದು ಹೇಳುವ ಪ್ರದರ್ಶನ ಶಾಲೆ ಇದೆ. ಲಾರಿ ಚಾಲಕನೂ ಮಕ್ಕಳೂ ನೋಡಿ ಹೋಗುತ್ತಾರೆ.

ನಮ್ಮ ಜನಕ್ಕೆ ಇದೆಲ್ಲ ಅರ್ಥವಾಗುವುದಿಲ್ಲ ಎನ್ನುವವರಿಗೆ ಒಂದು ಮಾತು. ಕೋಲಾರದ ಕಡೆಯ ರಾಗಿ ಬೆಳೆಯುವ ರೈತನನ್ನು ಕೇಳಿ. ಭರಣಿ ಮಳೆ, ರೋಹಿಣಿ ಮಳೆ, ಆರಿದ್ರಾ ಮಳೆ, ಮಘೆ ಮಳೆ ಎಂದು ಬೆರಳು ಮಡಚಿ ಎಣಿಸುತ್ತಾನೆ. ಅವನು ಎಣಿಸುತ್ತಿರುವುದು ಸೂರ್ಯನ ದಾರಿಯನ್ನು. ಇಪ್ಪತ್ತೇಳು ನಕ್ಷತ್ರಗಳ ಆ ದಾರಿಯಲ್ಲಿ ಸೂರ್ಯ ಒಂದೊಂದರ ನೇರದಲ್ಲಿ ಎರಡು ವಾರಕ್ಕೆ ತುಸು ಕಡಿಮೆ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಜೂನ್ 22ರ ಆಸುಪಾಸಿಗೆ ಆರಿದ್ರಾ ಹುಟ್ಟುತ್ತದೆ. ಆಗ ಆ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಳುಗಿರುವುದರಿಂದ ಕಾಣುವುದೇ ಇಲ್ಲ. ಕಾಣದ ನಕ್ಷತ್ರದ ಲೆಕ್ಕ ಹಿಡಿದು ಬಿತ್ತನೆ ಮಾಡುವವನಿಗೆ ಕಾಣದ ಕಣದ ಲೆಕ್ಕ ಹೇಳಲಾಗದೆ?

ಆ ಆರ್ದ್ರಾ ನಕ್ಷತ್ರವನ್ನು ಚಳಿಗಾಲದ ರಾತ್ರಿ ನೋಡಿ. ಮಹಾವ್ಯಾಧನ ಹೆಗಲಿನಲ್ಲಿ ಕೆಂಪಗೆ ಉರಿಯುತ್ತಿರುತ್ತದೆ. ಬೀಟಲ್‌ಜ್ಯೂಸ್ ಎಂದು ಪಾಶ್ಚಾತ್ಯರ ಹೆಸರು. 500ರಿಂದ 700 ಜ್ಯೋತಿರ್ವರ್ಷ ದೂರ, ದೂರದ ಬಗ್ಗೆ ಖಗೋಳಜ್ಞರಲ್ಲಿ ಚೌಕಾಸಿ ಇನ್ನೂ ಮುಗಿದಿಲ್ಲ. ಮುದಿ ನಕ್ಷತ್ರ. 2019ರ ಕೊನೆಗೆ ಅದು ಇದ್ದಕ್ಕಿದ್ದಂತೆ ಮಂಕಾದಾಗ, ಇನ್ನೇನು ಸಿಡಿಯಿತು ಎಂದು ಹಲವು ಪತ್ರಿಕೆಗಳು ಬರೆದವು. ನಕ್ಷತ್ರ ತಾನೇ ಉಗುಳಿದ ದೂಳಿನಲ್ಲಿ ಮರೆಯಾಗಿತ್ತಷ್ಟೇ, ಕೆಲವು ತಿಂಗಳಲ್ಲಿ ಮತ್ತೆ ಬೆಳಗಿತು. ಆದರೆ ಒಂದಲ್ಲ ಒಂದು ದಿನ ಅದು ಸಿಡಿಯುವುದು ಖಂಡಿತ. ನಾಳೆಯಾಗಬಹುದು, ಲಕ್ಷ ವರ್ಷ ಕಳೆದು ಆಗಬಹುದು. ಆ ದಿನ ಅದು ಹಗಲಲ್ಲೂ ಕಾಣುತ್ತದೆ. ಅದಕ್ಕೂ ಮೊದಲು, ಬೆಳಕು ಹೊರಡುವ ಮುಂಚೆಯೇ ಹೊರಟ ನ್ಯೂಟ್ರಿನೋಗಳು ಬಂದು, ಸುದ್ದಿ ನೆಲದಾಳದ ಗಣಿಗಳಿಗೆ ತಲುಪಿರುತ್ತದೆ. ಕಾಮಿಯೋಕಾದ ತೊಟ್ಟಿಯಲ್ಲಿ ಗಂಟೆ ಬಾರಿಸುತ್ತದೆ. ಹೀತ್‌ಕೋಟ್ ಷಾಫ್ಟ್‌ನಲ್ಲೂ ಈಗ ನೀರು ತುಂಬಿದೆ. ಅವು ಆ ನೀರನ್ನೂ ಹಾದುಹೋಗುತ್ತವೆ.